ಎರಡನೆಯ ಪಟ್ಟ

(ಹೋಳೂರಿನಲ್ಲಿ ಯುವಕರ ಕ್ರೀಡಾಕೂಟವೊಂದರ ಬಹುಮಾನ ವಿತರಣೆಯ ದಿನ ಮಾಡಿದ ಭಾಷಣದ ಬರಹ ರೂಪ)



ಈ ಮೇಜಿನ ಮೇಲೆ ಕಪ್‌ಗಳನ್ನು ಸಾಲಾಗಿ ಜೋಡಿಸಿಟ್ಟಿದ್ದಾರೆ. ನಡುವೆ ಇರುವುದು ದೊಡ್ಡದು. ಪಕ್ಕದ್ದು ಅದಕ್ಕಿಂತ ಒಂದು ಗೇಣು ಗಿಡ್ಡ. ನಾನು ಬಂದಾಗಿನಿಂದ ಗಮನಿಸುತ್ತಿದ್ದೇನೆ, ಎಲ್ಲರ ಕಣ್ಣೂ ದೊಡ್ಡದರ ಮೇಲೆಯೇ ಇದೆ. ಇವತ್ತು ಆ ಗಿಡ್ಡ ಕಪ್ಪಿನ ಪರವಾಗಿ ನಾಲ್ಕು ಮಾತಾಡೋಣ ಎಂದು ಬಂದಿದ್ದೇನೆ. ಅದಕ್ಕೆ ನಾನು ಆರಿಸಿಕೊಂಡಿರುವುದು ಕುಸ್ತಿಯ ಕತೆಯನ್ನು, ಅದರಲ್ಲೂ ಟಿ.ವಿ.ಯಲ್ಲಿ ಬರುವ ಅಮೆರಿಕದ ಕುಸ್ತಿಯ ಒಂದು ಬಿರುದಿನ ಕತೆಯನ್ನು.

ಇದರ ಹಿಂದೆ ನಮ್ಮ ಮನೆಯದೇ ಒಂದು ಸಂಗತಿ ಇದೆ. ನನ್ನ ಚಿಕ್ಕಪ್ಪ ಪೈಲ್ವಾನರು. ವಯಸ್ಸಿನಲ್ಲಿ ಗರಡಿಯಲ್ಲಿ ಸಾಮು ಮಾಡಿದವರು. ಸುತ್ತಲ ಜಾತ್ರೆಗಳಲ್ಲಿ ಅಖಾಡಕ್ಕಿಳಿದವರು. ಆದರೆ ಜೋಡಿ ಕಟ್ಟುವಾಗ ಅವರ ಹೆಸರು ಬರುತ್ತಿದ್ದುದು ಯಾವಾಗಲೂ ಕೊನೆಯ ಜೋಡಿಗಿಂತ ಒಂದು ಜೋಡಿ ಮುಂಚೆ. ಕೊನೆಯ ಜೋಡಿ ಎಂದರೆ ನಿಮಗೆ ಗೊತ್ತು, ಜನ ಕಾಯುವುದೇ ಅದಕ್ಕೆ. ಅವರಿಗೆ ಒಂದು ಹಿತ್ತಾಳೆ ಕಪ್ ಬಂದಿತ್ತು. ಅದರ ಮೇಲೆ 'ದ್ವಿತೀಯ' ಎಂದು ಕೆತ್ತಿತ್ತು. ಗೂಡಿನಲ್ಲಿ ಇಡುವಾಗ ಆ ಅಕ್ಷರ ಗೋಡೆಯ ಕಡೆಗೆ ಬರುವ ಹಾಗೆ ಇಡುತ್ತಿದ್ದರು. ಚಿಕ್ಕವನಾಗಿದ್ದಾಗ ಒಮ್ಮೆ ಕೇಳಿದೆ. "ಮೊದಲನೇದು ತಂದಿದ್ರೆ ಈ ಕಡೆ ತಿರುಗಿಸ್ತಿದ್ದೆ ಕಣೋ" ಅಂದರು. ಮುಂದೆ ಮಾತಾಡಲಿಲ್ಲ.

1990ರ ದಶಕದಲ್ಲಿ ನಮ್ಮ ಹಳ್ಳಿಗಳಿಗೆ ಕೇಬಲ್ ಬಂತು. ಅದರ ಜೊತೆಗೆ ಡಬ್ಲ್ಯುಡಬ್ಲ್ಯುಎಫ್ ಬಂತು. ಅಂಗಡಿಯಲ್ಲಿ ಟ್ರಂಪ್ ಕಾರ್ಡುಗಳು ಬಂದವು. ಒಂದೊಂದು ಕಾರ್ಡಿನಲ್ಲಿ ಒಬ್ಬ ಪೈಲ್ವಾನ. ಅವನ ಎತ್ತರ, ತೂಕ, ಎದೆಯ ಸುತ್ತಳತೆ, ರ‍್ಯಾಂಕು. ನಮ್ಮ ಚಿಕ್ಕಪ್ಪ ಅದನ್ನೆಲ್ಲ ನೋಡಿ, "ಇದು ಕುಸ್ತಿಯಲ್ಲ, ನಾಟಕ" ಎಂದು ಎದ್ದುಹೋಗುತ್ತಿದ್ದರು.

ಅವರು ಹೇಳಿದ್ದು ಸುಳ್ಳಲ್ಲ. ಅಲ್ಲಿ ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. 1989ರಲ್ಲಿ ಆ ಕಂಪನಿಯವರೇ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಎದುರು, ತಮ್ಮದು ಕ್ರೀಡೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡರು. ಕ್ರೀಡೆಗಳ ಮೇಲಿನ ಸರ್ಕಾರಿ ಕಟ್ಟುಪಾಡುಗಳಿಂದ ತಪ್ಪಿಸಿಕೊಳ್ಳಲು ಹೇಳಿದ ನಿಜ ಅದು. ಹಾಗಾದರೆ ಜನ ಯಾಕೆ ನೋಡುತ್ತಾರೆ? ನಮ್ಮ ಊರುಗಳಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಾರಲ್ಲ, ದುರ್ಯೋಧನ ಬೀಳುತ್ತಾನೆಂದು ಯಾರಿಗೆ ಗೊತ್ತಿಲ್ಲ? ಆದರೂ ಕಂಬಳಿ ಹೊದ್ದು ಬೆಳಗಿನವರೆಗೆ ಕೂತಿರುತ್ತೇವೆ. ಬೀಳುತ್ತಾನೆಯೇ ಎಂದು ನೋಡಲು ಅಲ್ಲ. ಹೇಗೆ ಬೀಳುತ್ತಾನೆ ಎಂದು ನೋಡಲು.

ಈಗ ಬಿರುದಿನ ಕತೆಗೆ ಬರೋಣ. ಆ ಕಂಪನಿಯಲ್ಲಿ ಮೊದಲನೆಯ ಬೆಲ್ಟ್ ಒಂದಿತ್ತು. 1963ರಿಂದ ಅದನ್ನು ಬ್ರೂನೋ ಸಮ್ಮಾರ್ಟಿನೋ ಎಂಬಾತ ಹೆಚ್ಚುಕಡಿಮೆ ಎಂಟು ವರ್ಷ ಸತತವಾಗಿ ಇಟ್ಟುಕೊಂಡಿದ್ದ. 1978ರಿಂದ 1983ರವರೆಗೆ ಬಾಬ್ ಬ್ಯಾಕ್ಲಂಡ್ ಇಟ್ಟುಕೊಂಡಿದ್ದ. ಅಂದರೆ ಅದು ಸಿಂಹಾಸನದ ಹಾಗೆ, ಸುಲಭಕ್ಕೆ ಕೈಬದಲಾಗುವಂಥದಲ್ಲ. ಕೈಬದಲಾಗದಿದ್ದರೇನೇ ಅದಕ್ಕೆ ಬೆಲೆ. ಆದರೆ ಇದರಿಂದ ಒಂದು ತೊಂದರೆ ಇತ್ತು. ಉಳಿದ ಪೈಲ್ವಾನರು ಯಾವುದಕ್ಕಾಗಿ ಸೆಣಸಬೇಕು? ಇನ್ನೊಂದು ತೊಂದರೆ ವ್ಯಾಪಾರದ್ದು. ಈ ಕುಸ್ತಿ ಊರೂರು ತಿರುಗುವ ಕಂಪನಿ ನಾಟಕದ ಹಾಗೆ. ಒಬ್ಬ ಚಾಂಪಿಯನ್ ಒಂದೇ ರಾತ್ರಿ ಎರಡು ಊರಿನಲ್ಲಿ ಇರಲಾರ. ಎರಡನೆಯ ಊರಿನ ಜನಕ್ಕೂ ಟಿಕೆಟ್ ಮಾರಬೇಕಾದರೆ ಅಲ್ಲಿಗೂ ಒಬ್ಬ ಬಿರುದುಳ್ಳವನು ಬೇಕು.

ಹೀಗೆ 1979ರಲ್ಲಿ ಎರಡನೆಯ ಬೆಲ್ಟ್ ಹುಟ್ಟಿತು. ಹೆಸರು ಇಂಟರ್‌ಕಾಂಟಿನೆಂಟಲ್ ಚಾಂಪಿಯನ್. ನಮ್ಮ ಮಾತಿನಲ್ಲಿ ಖಂಡಾಂತರ ಬಿರುದು ಎನ್ನೋಣ. ಅದನ್ನು ಮೊದಲು ಧರಿಸಿದವನು ಕೆನಡಾದ ಮಾಂಟ್ರಿಯಲ್‌ನ ಪ್ಯಾಟ್ ಪ್ಯಾಟರ್ಸನ್. ಅವನ ಬಳಿ ಆಗಲೇ ಕಂಪನಿಯ ಉತ್ತರ ಅಮೆರಿಕ ಬಿರುದು ಇತ್ತು. ಬ್ರೆಜಿಲ್‌ನ ರಿಯೋ ಡಿ ಜನೈರೋ ನಗರದಲ್ಲಿ ದೊಡ್ಡ ಪಂದ್ಯಾವಳಿ ನಡೆಯಿತೆಂದೂ, ಅದರಲ್ಲಿ ಅವನು ಗೆದ್ದು ಉತ್ತರ ಮತ್ತು ದಕ್ಷಿಣ ಅಮೆರಿಕದ ಬಿರುದುಗಳನ್ನು ಒಂದುಗೂಡಿಸಿದನೆಂದೂ ಕಂಪನಿ ಸಾರಿತು.

ರಿಯೋದಲ್ಲಿ ಅಂಥ ಪಂದ್ಯಾವಳಿ ನಡೆದೇ ಇರಲಿಲ್ಲ! ದಕ್ಷಿಣ ಅಮೆರಿಕದ ಆ ಬಿರುದೂ ಇರಲಿಲ್ಲ. ಇಡೀ ಪ್ರಸಂಗ ಕಟ್ಟುಕತೆ. ವರ್ಷಗಳ ನಂತರ ಪ್ಯಾಟರ್ಸನ್ ಸೇರಿದಂತೆ ಕಂಪನಿಯವರೇ ಇದನ್ನು ನಗೆಮಾತಾಗಿ ಹೇಳತೊಡಗಿದರು.

ಇದನ್ನು ಕೇಳಿ ನೀವು ನಕ್ಕಿರಿ. ಆದರೆ ಅಷ್ಟು ಬೇಗ ನಗಬೇಡಿ. ಬಿರುದು ಎಂಬುದಕ್ಕೂ ನೆಲಕ್ಕೂ ಇರುವ ನಂಟು ಯಾವಾಗಲೂ ಸ್ವಲ್ಪ ಸಡಿಲವೇ. ಅದಕ್ಕೆ ಸಾಕ್ಷಿ ನಮ್ಮ ಕೋಲಾರವೇ. ಗಂಗರ ಮೊದಲ ರಾಜಧಾನಿ ಇದು. ಆಗಿನ ಹೆಸರು ಕುವಳಾಲ. ಮುಂದೆ ಅವರು ತಲಕಾಡಿಗೆ ಹೋದರು. ಆದರೂ ಶಾಸನಗಳಲ್ಲಿ ತಮ್ಮನ್ನು 'ಕುವಳಾಲಪುರವರೇಶ್ವರ' ಎಂದೇ ಕರೆದುಕೊಂಡರು. ಹನ್ನೊಂದನೇ ಶತಮಾನದ ಮೊದಲಲ್ಲಿ ಚೋಳರು ತಲಕಾಡನ್ನು ಹಿಡಿದು ಗಂಗರಾಜ್ಯವೇ ಮುಗಿಯಿತು. ಆಮೇಲೂ ಶಿವಮೊಗ್ಗದ ಕಡೆ ಸಾಮಂತರಾಗಿದ್ದ ಗಂಗ ವಂಶದವರು ಅದೇ ಬಿರುದನ್ನು ಹೊತ್ತು ತಿರುಗಿದರು. ಕೋಲಾರದಲ್ಲಿ ಅವರಿಗೆ ಆಳಲು ಒಂದಡಿ ನೆಲವಿರಲಿಲ್ಲ. ಆದರೂ ಆ ಹೆಸರು ಅವರ ಬೆನ್ನಿಗೆ ಬಲವಾಗಿತ್ತು.

ಇನ್ನೂ ಹಿಂದಕ್ಕೆ ಹೋದರೆ ಮಹಾಭಾರತದ ಕರ್ಣನಿದ್ದಾನೆ. ರಾಜಕುಮಾರರ ಅಸ್ತ್ರವಿದ್ಯೆಯ ಪ್ರದರ್ಶನ ನಡೆಯುತ್ತಿರುವಾಗ ಅವನು ಅಂಗಳಕ್ಕೆ ಬಂದು ಅರ್ಜುನನನ್ನು ಕರೆದ. ಕೃಪಾಚಾರ್ಯರು ನಿನ್ನ ಕುಲ ಯಾವುದು, ನೀನು ಯಾವ ನಾಡಿನ ದೊರೆ ಎಂದು ಕೇಳಿದರು. ಸರಿ ಜೋಡಿ ಅಲ್ಲ ಎಂಬುದು ಅದರ ಅರ್ಥ. ಆಗ ದುರ್ಯೋಧನ ಅಲ್ಲಿಯೇ, ಆ ಅಂಗಳದಲ್ಲಿಯೇ, ಅವನಿಗೆ ಅಂಗರಾಜ್ಯದ ಪಟ್ಟ ಕಟ್ಟಿದ. ಕುಸ್ತಿಗೆ ಜೋಡಿ ಕೂಡಲೆಂದು ನಿಂತ ನಿಲುವಿನಲ್ಲಿ ಹುಟ್ಟಿದ ಬಿರುದು ಅದು. ಆದರೆ ಕರ್ಣ ಅದನ್ನು ಹೇಗೆ ಹೊತ್ತ? ಸಾಯುವ ತನಕ ಹೊತ್ತ. ಪಂಪನಂಥ ಕವಿಯೂ ಅವನ ಮುಂದೆ ಕರಗಿಹೋದ. ಪಟ್ಟ ಹೇಗೆ ಹುಟ್ಟಿತು ಎಂಬುದು ಒಂದು ಪ್ರಶ್ನೆ. ಹೊತ್ತವನು ಅದನ್ನು ಏನು ಮಾಡಿದ ಎಂಬುದು ಇನ್ನೊಂದು. ಎರಡನೆಯದೇ ದೊಡ್ಡ ಪ್ರಶ್ನೆ.

ಖಂಡಾಂತರ ಬಿರುದನ್ನು ಹೊತ್ತವರು ಏನು ಮಾಡಿದರು, ನೋಡೋಣ. 1980ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪ್ಯಾಟರ್ಸನ್ ಅದನ್ನು ಕೆನ್ ಪಟೆರಾನಿಗೆ ಸೋತ. ಆಮೇಲೆ ಬೆಲ್ಟ್ ಕೈಯಿಂದ ಕೈಗೆ ನಡೆಯಿತು. 1984ರ ಜನವರಿಯಲ್ಲಿ ಹಲ್ಕ್ ಹೋಗನ್ ಮೊದಲನೆಯ ಬೆಲ್ಟ್ ಗೆದ್ದು ನಾಲ್ಕು ವರ್ಷ ಬಿಡಲಿಲ್ಲ. ಆ ನಾಲ್ಕು ವರ್ಷಗಳಲ್ಲಿ ಎರಡನೆಯ ಬೆಲ್ಟ್ ಆರು ಬಾರಿ ಕೈಬದಲಾಯಿತು. ಟಿಟೋ ಸಂಟಾನಾ, ಗ್ರೆಗ್ ವ್ಯಾಲೆಂಟೈನ್, ಮತ್ತೆ ಸಂಟಾನಾ, ರ‍್ಯಾಂಡಿ ಸ್ಯಾವೇಜ್, ರಿಕಿ ಸ್ಟೀಮ್‌ಬೋಟ್, ಹಾಂಕಿ ಟಾಂಕ್ ಮ್ಯಾನ್. ಮೊದಲನೆಯ ಬೆಲ್ಟ್ ನಿಂತ ನೀರು. ಎರಡನೆಯದು ಹರಿಯುವ ನೀರು. ಕೈಚಳಕ, ಪಟ್ಟು, ಉಸಿರು ಬಿಗಿಹಿಡಿದು ನೋಡುವ ಆಟ ಇವೆಲ್ಲ ಎರಡನೆಯದರ ಸುತ್ತಲೇ ಬೆಳೆದವು. ಬೆಟ್ಟದಂಥ ಮೈಯವರು ಮೊದಲನೆಯದಕ್ಕೆ ಹೋದರು. ಕೆಲಸ ಬಲ್ಲವರು ಎರಡನೆಯದಕ್ಕೆ ಬಂದರು.

ಇದಕ್ಕೆ ದೊಡ್ಡ ಉದಾಹರಣೆ 1987ರ ಮಾರ್ಚ್ 29ರಂದು ಮಿಷಿಗನ್ ರಾಜ್ಯದ ಪಾಂಟಿಯಾಕ್ ಊರಿನಲ್ಲಿ ನಡೆದ ಕುಸ್ತಿ. ಅಂದು ಸೇರಿದ್ದ ಜನ 93,173 ಎಂದು ಸಂಘಟಕರು ಸಾರಿದರು. ಆ ಲೆಕ್ಕದ ಮೇಲೆ ತಕರಾರಿದೆ. ಅದನ್ನು ಅವರವರಿಗೇ ಬಿಡೋಣ. ಜನ ಬಂದಿದ್ದು ಹೋಗನ್ ಮತ್ತು ದೈತ್ಯ ಆಂದ್ರೆ ಇವರ ಮೊದಲನೆಯ ಬೆಲ್ಟಿನ ಕುಸ್ತಿಗಾಗಿ. ಆದರೆ ಅಂದಿನಿಂದ ಇಂದಿನವರೆಗೆ ಕುಸ್ತಿ ಬಲ್ಲವರು ಹೊಗಳುತ್ತ ಬಂದಿರುವುದು ಅದಕ್ಕೆ ಮುಂಚೆ ನಡೆದ ಸ್ಯಾವೇಜ್ ಮತ್ತು ಸ್ಟೀಮ್‌ಬೋಟ್ ಜೋಡಿಯನ್ನು. ನಡೆದದ್ದು ಕಾಲು ಗಂಟೆಗಿಂತ ಕಡಿಮೆ. ಸ್ಯಾವೇಜ್ ಒಂದೊಂದು ಪಟ್ಟನ್ನೂ ಸಂಖ್ಯೆ ಹಾಕಿ ಕಾಗದದಲ್ಲಿ ಬರೆದಿಟ್ಟಿದ್ದ. ಇಬ್ಬರೂ ಮಗ್ಗಿ ಒಪ್ಪಿಸುವ ಹುಡುಗರಂತೆ ಒಬ್ಬರಿಗೊಬ್ಬರು ಅದನ್ನು ಒಪ್ಪಿಸಿ ಬಾಯಿಪಾಠ ಮಾಡಿಕೊಂಡಿದ್ದರು.

ಈ ಕುಸ್ತಿಯನ್ನು ಎಷ್ಟೋ ವರ್ಷಗಳ ಮೇಲೆ ವಿಡಿಯೋ ಕ್ಯಾಸೆಟ್‌ನಲ್ಲಿ ನಮ್ಮ ಬೀದಿಯ ಮನೆಯೊಂದರಲ್ಲಿ ಹಾಕಿದ್ದರು. ಚಿಕ್ಕಪ್ಪ ಬಾಗಿಲ ಹತ್ತಿರ ನಿಂತವರು ಎದ್ದುಹೋಗಲಿಲ್ಲ. ಕೊನೆಗೆ ನನ್ನ ತೋಳು ಹಿಡಿದು, "ಹೊಡೆಯೋದನ್ನ ನೋಡಬೇಡ ಕಣೋ, ಬೀಳೋದನ್ನ ನೋಡು. ಹಂಗೆ ಬೀಳಬೇಕಾದ್ರೆ ಎಷ್ಟು ವರ್ಷ ಮಣ್ಣು ತಿಂದಿರಬೇಕು!" ಅಂದರು. ಆ ಆಟವನ್ನು ಅವರು ಹೊಗಳಿದ್ದು ಅದೊಂದೇ ಸಲ. ಹೊಗಳಿದ್ದು ಎರಡನೆಯ ಬೆಲ್ಟಿನ ಕುಸ್ತಿಯನ್ನು ಎಂಬುದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಎಲ್ಲರೂ ಹಾಗೆಯೇ ಹೊತ್ತರು ಎನ್ನಲಾರೆ. ಅದೇ ವರ್ಷ ಜೂನ್‌ನಲ್ಲಿ ಸ್ಟೀಮ್‌ಬೋಟ್‌ನಿಂದ ಬೆಲ್ಟ್ ಕಸಿದುಕೊಂಡ ಹಾಂಕಿ ಟಾಂಕ್ ಮ್ಯಾನ್ ಹೇಡಿ ಚಾಂಪಿಯನ್ನಿನ ಪಾತ್ರ ವಹಿಸಿದವನು. ನಿಯಮ ಮುರಿದು ಸೋತರೆ ಬೆಲ್ಟ್ ಕೈತಪ್ಪುವುದಿಲ್ಲ ಎಂಬುದು ಅಲ್ಲಿಯ ಕಾನೂನು. ಆ ಸಂದಿಯಲ್ಲಿ ನುಸುಳಿ ನುಸುಳಿ ಅವನು 454 ದಿನ ಬೆಲ್ಟ್ ಉಳಿಸಿಕೊಂಡ. ಜನ ರೊಚ್ಚಿಗೆದ್ದು ಟಿಕೆಟ್ ಕೊಂಡರು, ಇವತ್ತಾದರೂ ಸೋಲಲಿ ಎಂದು. 1988ರ ಆಗಸ್ಟ್ 29ರಂದು ಅಲ್ಟಿಮೇಟ್ ವಾರಿಯರ್ ಅವನನ್ನು ಅರ್ಧ ನಿಮಿಷದಲ್ಲಿ ಚಿತ್ ಮಾಡಿದ. ಆ ಅರ್ಧ ನಿಮಿಷದ ಸಂತೋಷಕ್ಕೆ ಜನ ಒಂದೂಕಾಲು ವರ್ಷ ಕಾದಿದ್ದರು. ಅವನ 454 ದಿನಗಳ ದಾಖಲೆ ಮೂವತ್ತೈದು ವರ್ಷ ಉಳಿಯಿತು. 2022ರ ಜೂನ್‌ನಲ್ಲಿ ಬೆಲ್ಟ್ ಗೆದ್ದ ಆಸ್ಟ್ರಿಯಾದ ಗುಂಥರ್ ಎಂಬಾತ 666 ದಿನ ಇಟ್ಟುಕೊಂಡು, 2024ರ ಏಪ್ರಿಲ್‌ನಲ್ಲಿ ಸೋತ.

ಎರಡನೆಯದು ಮೊದಲನೆಯದನ್ನು ಮೀರಿದ ದಿನಗಳೂ ಇವೆ. 1990ರ ಏಪ್ರಿಲ್ 1ರಂದು ಟೊರಾಂಟೋದಲ್ಲಿ ಖಂಡಾಂತರ ಬಿರುದಿನ ವಾರಿಯರ್, ಮೊದಲನೆಯ ಬಿರುದಿನ ಹೋಗನ್ ಎದುರು ನಿಂತು ಗೆದ್ದ. ಗೆದ್ದವನು ಎರಡೂ ಇಟ್ಟುಕೊಳ್ಳುವಂತಿರಲಿಲ್ಲ. ಎರಡನೆಯದನ್ನು ಬಿಟ್ಟುಕೊಡಬೇಕಾಯಿತು. 1992ರ ಆಗಸ್ಟ್ 29ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಇನ್ನೂ ವಿಶೇಷ ನಡೆಯಿತು. ಮೊದಲನೆಯ ಬೆಲ್ಟಿನ ಕುಸ್ತಿ ಮುಂಚೆ ಮುಗಿಯಿತು. ಕೊನೆಯ ಜೋಡಿಯಾಗಿ ಅಖಾಡಕ್ಕೆ ಬಂದದ್ದು ಎರಡನೆಯ ಬೆಲ್ಟಿನವರು. ಇಂಗ್ಲೆಂಡಿನವನೇ ಆದ ಡೇವಿ ಬಾಯ್ ಸ್ಮಿತ್ ತನ್ನ ಜನರೆದುರು, ತನ್ನ ಹೆಂಡತಿಯ ಅಣ್ಣನೇ ಆದ ಬ್ರೆಟ್ ಹಾರ್ಟ್‌ನನ್ನು ಸೋಲಿಸಿದ. ಸೋತ ಬ್ರೆಟ್ ಹಾರ್ಟ್ ಆರು ವಾರಗಳಲ್ಲಿ ಮೊದಲನೆಯ ಬೆಲ್ಟ್ ಗೆದ್ದ. ಎರಡನೆಯದನ್ನು ಚೆನ್ನಾಗಿ ಸೋಲಲು ಬಂದವನಿಗೆ ಮೊದಲನೆಯದರ ಬಾಗಿಲು ತೆರೆಯಿತು.

1994ರ ಮಾರ್ಚ್‌ನಲ್ಲಿ ರೇಜರ್ ರಮೋನ್ ಮತ್ತು ಶಾನ್ ಮೈಕೆಲ್ಸ್ ಇಬ್ಬರೂ ತಾವೇ ಚಾಂಪಿಯನ್ ಎಂದರು. ಎರಡು ಬೆಲ್ಟ್‌ಗಳನ್ನೂ ಮೇಲೆ ನೇತುಹಾಕಿ, ಏಣಿ ಹತ್ತಿ ತೆಗೆದವನದೇ ಬಿರುದು ಎಂದರು. ಆ ಏಣಿ ಕುಸ್ತಿಯ ಮಾದರಿ ಇಂದಿಗೂ ನಡೆದುಬಂದಿದೆ. 1999ರ ಅಕ್ಟೋಬರ್‌ನಲ್ಲಿ ಚೈನಾ ಎಂಬ ಹೆಸರಿನ ಹೆಣ್ಣುಮಗಳು ಗಂಡಸೊಬ್ಬನನ್ನು ಸೋಲಿಸಿ ಈ ಬೆಲ್ಟ್ ಕಟ್ಟಿಕೊಂಡಳು. ಹೆಂಗಸೊಬ್ಬಳಿಗೆ ಅದು ಸಿಕ್ಕಿದ್ದು ಅದೇ ಮೊದಲು. ಹೊಸದು ಏನೇ ಪ್ರಯತ್ನಿಸಬೇಕಾದರೂ ಎರಡನೆಯ ಬಿರುದಿನಲ್ಲಿ ಧೈರ್ಯ ಮಾಡಬಹುದು. ಸಿಂಹಾಸನದ ಮೇಲೆ ಪ್ರಯೋಗ ಮಾಡಲು ಯಾರೂ ಒಪ್ಪುವುದಿಲ್ಲ.

2002ರಲ್ಲಿ ಕಂಪನಿಗೆ ಹೆಸರು ಬದಲಾಯಿತು. ವನ್ಯಜೀವಿ ಸಂಸ್ಥೆಯೊಂದರ ಜೊತೆ ಅದೇ ಮೂರು ಅಕ್ಷರಗಳಿಗಾಗಿ ನಡೆದ ವ್ಯಾಜ್ಯದಲ್ಲಿ ಸೋತು, ಡಬ್ಲ್ಯುಡಬ್ಲ್ಯುಇ ಆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಎರಡನೆಯದು ಯಾಕೆ, ಒಂದೇ ಸಾಕು ಎಂದು ಖಂಡಾಂತರ ಬಿರುದನ್ನು ದೊಡ್ಡ ಬಿರುದೊಂದರಲ್ಲಿ ಕರಗಿಸಿಬಿಟ್ಟರು. ಏನಾಯಿತು? ಏಳು ತಿಂಗಳು ಕಳೆಯುವಷ್ಟರಲ್ಲಿ, 2003ರ ಮೇ ತಿಂಗಳಲ್ಲಿ, ಮತ್ತೆ ಹೊರತೆಗೆದರು. ಮೇಲಿನ ಮೆಟ್ಟಿಲು ಇಟ್ಟುಕೊಂಡು ನಡುವಿನ ಮೆಟ್ಟಿಲು ಕಿತ್ತರೆ ಮೇಲಕ್ಕೆ ಹತ್ತುವವರು ಯಾರು? ರಿಯೋದಲ್ಲಿ ನಡೆಯದ ಪಂದ್ಯಾವಳಿಯಿಂದ ಹುಟ್ಟಿದ ಬಿರುದು, ಇಪ್ಪತ್ತಮೂರು ವರ್ಷಗಳ ಬೆವರಿನ ಮೇಲೆ, ತೆಗೆದರೂ ಹೋಗದಷ್ಟು ನಿಜವಾಗಿಬಿಟ್ಟಿತ್ತು.

ಇಷ್ಟು ದೂರ ಹೋಗಿ ಬಂದ ಮೇಲೆ ನಮ್ಮ ನಾಡಿನ ಅಖಾಡಕ್ಕೂ ಒಮ್ಮೆ ಇಣುಕೋಣ. ಮೈಸೂರು ದಸರಾ ಕುಸ್ತಿಯಲ್ಲಿ ಫಲಿತಾಂಶವನ್ನು ಯಾರೂ ಮೊದಲೇ ಬರೆದಿಡುವುದಿಲ್ಲ. ಅಲ್ಲಿ ಬೀಳುವವನು ನಿಜವಾಗಿ ಬೀಳುತ್ತಾನೆ. ದಸರೆಗೆ ಮುಂಚೆ ಪೈಲ್ವಾನರನ್ನು ಕರೆದು, ತೂಕ, ವಯಸ್ಸು, ಅನುಭವ ನೋಡಿ ಜೋಡಿ ಕಟ್ಟುತ್ತಾರೆ. ಬಿರುದುಗಳು ಒಂದಲ್ಲ, ಹಲವು. ದಸರಾ ಕಂಠೀರವ, ದಸರಾ ಕೇಸರಿ, ದಸರಾ ಕುಮಾರ, ದಸರಾ ಕಿಶೋರ, ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ. ಇವುಗಳಲ್ಲಿ ದೊಡ್ಡದು ಕಂಠೀರವ. ರಣಧೀರ ಕಂಠೀರವ ನರಸರಾಜ ಒಡೆಯರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಮಲ್ಲನನ್ನು ಗೆದ್ದರೆಂಬ ಕತೆ ನೀವು ಕೇಳಿರುತ್ತೀರಿ. ಆ ಹೆಸರಿನ ನೆನಪು ಈ ಬಿರುದಿನಲ್ಲಿದೆ. ಈಗ ನಿಘಂಟು ತೆಗೆದು ನೋಡಿ. ಕಂಠೀರವ ಎಂದರೆ ಸಿಂಹ. ಕೇಸರಿ ಎಂದರೂ ಸಿಂಹವೇ! ಬಿರುದು ಇಟ್ಟವರು ದೊಡ್ಡವನನ್ನು ಸಿಂಹವೆಂದು ಕರೆದು, ಅವನಿಗಿಂತ ಕೆಳಗಿನವನನ್ನು ನರಿಯೆಂದು ಕರೆಯಲಿಲ್ಲ. ಕಾಡಿನಲ್ಲಿ ಎರಡು ಸಿಂಹಗಳಿಗೆ ಜಾಗ ಇಟ್ಟರು. ಇದು ಕನ್ನಡದ ದೊಡ್ಡಸ್ತಿಕೆ ಎಂದು ನನಗೆ ಅನಿಸುತ್ತದೆ.

ನಮ್ಮ ದೇಶದ ದಾರಾ ಸಿಂಗ್ ಅವರನ್ನೂ ನೆನೆಯಬೇಕು. 1954ರಲ್ಲಿ ರುಸ್ತುಂ-ಎ-ಹಿಂದ್ ಆದವರು. ವಿಶ್ವ ಬಿರುದಿಗೆ ಕೈಹಾಕುವ ಮುಂಚೆ, 1959ರಲ್ಲಿ, ಅವರಿಗೆ ಸಿಕ್ಕಿದ್ದು ಕಾಮನ್‌ವೆಲ್ತ್ ಬಿರುದು. ಅದೂ ಎರಡನೆಯ ಮೆಟ್ಟಿಲೇ. ಒಂಬತ್ತು ವರ್ಷ ಕಳೆದ ಮೇಲೆ, 1968ರಲ್ಲಿ, ಬೊಂಬಾಯಿಯಲ್ಲಿ ಅಮೆರಿಕದ ಲೂ ಥೆಜ್‌ನನ್ನು ಸೋಲಿಸಿ ಮೊದಲನೆಯದನ್ನು ಪಡೆದರು. ಆದರೆ ಇಂದು ಹಳ್ಳಿಯ ಅಜ್ಜಿಯರಿಗೆ ದಾರಾ ಸಿಂಗ್ ಎಂದರೆ ಥೆಜ್‌ನನ್ನು ಗೆದ್ದವನೆಂದು ನೆನಪಿಲ್ಲ. 1987ರಲ್ಲಿ ಶುರುವಾದ ದೂರದರ್ಶನದ ರಾಮಾಯಣದಲ್ಲಿ ಹನುಮಂತನಾದವನೆಂದು ನೆನಪಿದೆ. ವಿಶ್ವವಿಜೇತ ಪೈಲ್ವಾನನೊಬ್ಬ ಕೈಮುಗಿದು ನಿಲ್ಲುವ ಬಂಟನ ಪಾತ್ರದಲ್ಲಿ ಮನೆಮಾತಾದ.

ಗರಡಿ ಮನೆಗಳಲ್ಲಿ ಯಾರ ಪಟವಿರುತ್ತದೆ, ಯೋಚಿಸಿದ್ದೀರಾ? ಪಟ್ಟಾಭಿಷಿಕ್ತನಾದ ರಾಮ ಅಲ್ಲ. ಸಾಮು ಮಾಡುವ ಹುಡುಗ ಕೈಮುಗಿಯುವುದು ಆಂಜನೇಯನಿಗೆ. ಇಲ್ಲೇ ಹತ್ತಿರದ ಮುಳಬಾಗಿಲಿಗೆ ಹೋಗಿ. ಅಲ್ಲಿಯ ಆಂಜನೇಯನನ್ನು ಕುರುಕ್ಷೇತ್ರ ಮುಗಿದ ಮೇಲೆ ಅರ್ಜುನನೇ ಪ್ರತಿಷ್ಠಾಪಿಸಿದನೆಂದು ಜನ ನಂಬುತ್ತಾರೆ. ಗೆದ್ದ ಅರ್ಜುನ ತನ್ನ ವಿಗ್ರಹ ನಿಲ್ಲಿಸಲಿಲ್ಲ. ತನ್ನ ರಥದ ಬಾವುಟದಲ್ಲಿ ನಿಂತು ಕಾದವನನ್ನು ನಿಲ್ಲಿಸಿದ ಎಂಬುದು ಆ ನಂಬಿಕೆಯ ಸೊಗಸು.

ಇಲ್ಲಿಗೆ ಮುಗಿಸುತ್ತೇನೆ. ಎರಡನೆಯವನಾಗಿ ತೃಪ್ತಿಪಡಿ ಎಂದು ನಾನು ಹೇಳುತ್ತಿಲ್ಲ. ಅಖಾಡಕ್ಕಿಳಿದ ಮೇಲೆ ಮೊದಲನೆಯದಕ್ಕೇ ಕೈಹಾಕಬೇಕು. ಇಲ್ಲದಿದ್ದರೆ ಎದುರಿಗಿರುವವನಿಗೆ ಅವಮಾನ. ಆದರೆ ಬಂದದ್ದನ್ನು ಗೋಡೆಯ ಕಡೆ ತಿರುಗಿಸಿ ಇಡಬೇಡಿ. ಈ ಕಡೆಯಲ್ಲಿ ಎಷ್ಟೋ ಹುಡುಗರು ಒಂದು ಸಲ ಎರಡನೆಯವರಾದ ಕೂಡಲೇ ಲಂಗೋಟಿ ಬಿಚ್ಚಿಟ್ಟು ಮನೆಗೆ ಹೋದದ್ದನ್ನು ಕಂಡಿದ್ದೇನೆ. ಗರಡಿಗಳ ಬಾಗಿಲು ಮುಚ್ಚಿದ್ದಕ್ಕೆ ಬೇರೆ ಕಾರಣಗಳೂ ಇವೆ, ಇದೂ ಒಂದು. ಮೊದಲನೆಯವನೊಬ್ಬನಿಂದ ಗರಡಿ ನಡೆಯುವುದಿಲ್ಲ. ಅವನಿಗೆ ದಿನಾ ಎದುರು ನಿಲ್ಲುವವನು ಬೇಕು.

ಚಿಕ್ಕಪ್ಪ ಈಗ ಇಲ್ಲ. ಅವರ ಹಿತ್ತಾಳೆ ಕಪ್ ನನ್ನ ಮೇಜಿನ ಮೇಲಿದೆ; ಪೆನ್ನು, ಪೆನ್ಸಿಲು ಹಾಕಿಟ್ಟಿದ್ದೇನೆ. ಹುಣಿಸೆಹಣ್ಣು ಹಾಕಿ ಉಜ್ಜಿ ಉಜ್ಜಿ 'ದ್ವಿತೀಯ' ಎಂಬ ಅಕ್ಷರ ಸ್ವಲ್ಪ ಸವೆದಿದೆ. ಬಂದವರಿಗೆ ಕಾಣುವ ಕಡೆಗೇ ತಿರುಗಿಸಿಟ್ಟಿದ್ದೇನೆ.

ಈಗ ಬಹುಮಾನ ಕೊಡೋಣ. ಎರಡನೆಯ ಬಹುಮಾನದ ಹೆಸರು ಕೂಗುವಾಗಲೂ ಚಪ್ಪಾಳೆ ಅಷ್ಟೇ ಜೋರಾಗಿರಲಿ ಎಂಬುದು ನನ್ನ ಕೋರಿಕೆ.